ಕೊಟ್ಟ ಕೆಲಸ ವಾಪಸ್ ತಗೊಳ್ಳದಿರುವುದು: ಸೇವಾ ಕ್ಲಬ್ ಒಂದರ ಹಿರಿಯ ಸದಸ್ಯರ ತರಬೇತಿ

ರೋಟರಿ, ಲಯನ್ಸ್‌ನಂಥ ಸೇವಾ ಕ್ಲಬ್‌ಗಳಲ್ಲಿ ತರಬೇತಿ ಅಂದರೆ ಹೊಸಬರಿಗೆ ಅಂತಲೇ ಎಲ್ಲರ ಲೆಕ್ಕ. ನಾನು ಇಲ್ಲಿ ಬರೆಯುತ್ತಿರುವುದು ಹತ್ತು, ಹದಿನೈದು, ಇಪ್ಪತ್ತು ವರ್ಷ ಕ್ಲಬ್‌ನಲ್ಲಿ ದುಡಿದವರಿಗೆ ಕೊಟ್ಟ ನಾಯಕತ್ವ ತರಬೇತಿಯ ಬಗ್ಗೆ. ನಾನು ಅದರ ಸಂಯೋಜಕನಾಗಿದ್ದೆ. ಮೊದಲ ಸಲ ನಾವು ಸೋತೆವು. ಎರಡನೇ ಸಲ ಬೇರೆ ದಾರಿ ಹಿಡಿದೆವು. ಅದೂ ಪೂರ್ತಿ ಗೆದ್ದಿತು ಅಂತ ಹೇಳಲಾರೆ. ಆದರೆ ಎಲ್ಲಿ ಏನು ತಿರುಗಿತು ಅನ್ನೋದು ನನಗೆ ಸ್ಪಷ್ಟವಾಗಿ ನೆನಪಿದೆ. ಇಂಥದ್ದೇ ಕ್ಲಬ್‌ಗಳಲ್ಲಿ ಇರುವವರಿಗೆ ಅದು ಉಪಯೋಗಕ್ಕೆ ಬರಬಹುದು.

ಕ್ಲಬ್ ಯಾವುದು, ಯಾರು ಯಾರು ಅನ್ನೋದು ಗೊತ್ತಾಗಬಾರದು ಅಂತ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಕ್ಲಬ್ ಇದ್ದ ಸ್ಥಿತಿ

ಕ್ಲಬ್‌ಗೆ ಇಪ್ಪತ್ತು ವರ್ಷ ದಾಟಿತ್ತು. ಸದಸ್ಯರು 41. ಪ್ರತಿ ತಿಂಗಳು ಒಂದು ಕಣ್ಣು ತಪಾಸಣೆ ಶಿಬಿರ, ವರ್ಷಕ್ಕೆ ಎರಡು ರಕ್ತದಾನ ಶಿಬಿರ, ಶಾಲಾ ಮಕ್ಕಳಿಗೆ ಒಂದು ಓದಿನ ಕಾರ್ಯಕ್ರಮ. ಹೊರಗಿನಿಂದ ನೋಡಿದರೆ ಚೆನ್ನಾಗಿ ನಡೆಯುತ್ತಿದ್ದ ಕ್ಲಬ್. ಶಿಬಿರ ಒಂದು ಸಲವೂ ತಪ್ಪಿರಲಿಲ್ಲ. ಲೆಕ್ಕಪತ್ರ ಚೊಕ್ಕವಾಗಿತ್ತು.

41 ಜನರಲ್ಲಿ 13 ಮಂದಿ ಮಾಜಿ ಅಧ್ಯಕ್ಷರು. ಈ ಸಂಖ್ಯೆಯ ಹಿಂದೆ ಒಂದು ಕಾರಣ ಇದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರೋಟರಿ 1905ರಲ್ಲಿ, ಲಯನ್ಸ್ 1917ರಲ್ಲಿ, ಎರಡೂ ಶಿಕಾಗೋದಲ್ಲಿ ಶುರುವಾದವು. ಎರಡರಲ್ಲೂ ವರ್ಷ ಅಂದರೆ ಜುಲೈ 1ರಿಂದ ಜೂನ್ 30. ಅಧ್ಯಕ್ಷಗಿರಿ ಸಾಮಾನ್ಯವಾಗಿ ಒಂದು ವರ್ಷಕ್ಕೆ. ಈ ಕ್ಲಬ್‌ನದ್ದೂ ಅದೇ ಅಚ್ಚು. ಎಲ್ಲರಿಗೂ ಅವಕಾಶ ಸಿಗಲಿ, ಅಧಿಕಾರ ಒಬ್ಬರ ಕೈಯಲ್ಲಿ ಗಟ್ಟಿಯಾಗದಿರಲಿ ಅನ್ನೋದು ಇದರ ಒಳ್ಳೆಯ ಗುಣ. ಆದರೆ ಇನ್ನೊಂದು ಪರಿಣಾಮವೂ ಇದೆ. ಅಧ್ಯಕ್ಷರಿಗೆ ಕೆಲಸ ಕೈಗೆ ಹತ್ತುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಆಸ್ಪತ್ರೆಯ ಜೊತೆಗಿನ ಒಡನಾಟ, ದಾನಿಗಳ ನಂಬಿಕೆ, ಶಾಲೆಯವರ ಪರಿಚಯ ಇವೆಲ್ಲ ಒಂದು ವರ್ಷದ ಆಟ ಅಲ್ಲ. ಅದನ್ನು ವರ್ಷದಿಂದ ವರ್ಷಕ್ಕೆ ಹೊತ್ತುಕೊಂಡು ಹೋಗುವವರು ಯಾರಾದರೂ ಬೇಕಲ್ವಾ? ಮಾಜಿ ಅಧ್ಯಕ್ಷರು ಹೊತ್ತರು. ಯಾರೂ ಅವರಿಗೆ ಹೊರಿ ಅಂತ ಹೇಳಲಿಲ್ಲ. ಅದಕ್ಕೊಂದು ಹುದ್ದೆಯೂ ಇಲ್ಲ. ಆದರೆ ಕ್ಲಬ್ ನಿಂತಿದ್ದು ಅದರ ಮೇಲೇ.

ಇದನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣ ಇದೆ. ಮುಂದೆ ಓದುವಾಗ ಹಿರಿಯರು ಅಧಿಕಾರಕ್ಕೆ ಅಂಟಿಕೊಂಡವರು ಅಂತ ನಿಮಗೆ ಅನ್ನಿಸಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಅದು ತಪ್ಪು.

ತೊಂದರೆ ಕಾಣಿಸಿಕೊಂಡದ್ದು ಎರಡು ಕಡೆ. ಮೂರು ವರ್ಷದಲ್ಲಿ 17 ಮಂದಿ ಹೊಸದಾಗಿ ಸೇರಿದ್ದರು, ಅವರಲ್ಲಿ 11 ಮಂದಿ ಬಿಟ್ಟು ಹೋಗಿದ್ದರು. ಮುಂದಿನ ವರ್ಷಕ್ಕೆ ಅಧ್ಯಕ್ಷರಾಗಲು ಯಾರೂ ಮುಂದೆ ಬರುತ್ತಿರಲಿಲ್ಲ. ಹಿಂದಿನ ಎರಡು ವರ್ಷ ಮಾಜಿಗಳೇ ಎರಡನೇ ಸಲ ಆ ಕುರ್ಚಿಯಲ್ಲಿ ಕೂತಿದ್ದರು. ಹಿರಿಯರ ವಿವರಣೆ ಒಂದೇ: "ಈಗಿನವರಿಗೆ ಸಮಯ ಇಲ್ಲ, ಆಸಕ್ತಿ ಇಲ್ಲ."

ಮೊದಲ ಪ್ರಯತ್ನ

ಅನುಭವಿಗಳಿಗೆ ಪ್ರತ್ಯೇಕ ತರಬೇತಿ ಅನ್ನೋದು ಹೊಸ ಯೋಚನೆ ಏನಲ್ಲ. ಲಯನ್ಸ್‌ನಲ್ಲಿ ಕ್ಲಬ್ ಅಧ್ಯಕ್ಷಗಿರಿ ಮುಗಿಸಿದವರನ್ನು ಮೇಲಿನ ಹಂತದ ಜವಾಬ್ದಾರಿಗೆ ತಯಾರು ಮಾಡಲು ಬೇರೆಯೇ ತರಬೇತಿ ಇದೆ. ರೋಟರಿಯವರಲ್ಲೂ ನಾಯಕತ್ವ ಕಲಿಕೆಗೆ ಅಂತ 1992ರಿಂದ ಒಂದು ಸಂಸ್ಥೆ ನಡೆದು ಬಂದಿದೆ. ನಾವು ಅಂಥ ಮಾದರಿಗಳನ್ನು ಮುಂದಿಟ್ಟುಕೊಂಡು ಎರಡು ದಿನದ ಕಾರ್ಯಾಗಾರ ಮಾಡಿದೆವು. ಅವುಗಳ ಒಳಗಿನ ಜೀವಾಳವನ್ನು ಬಿಟ್ಟು ಹೊರಗಿನ ಆಕಾರವನ್ನಷ್ಟೇ ತಂದೆವು ಅನ್ನೋದು ಆಮೇಲೆ ಅರ್ಥವಾಯಿತು.

ವಿಷಯಗಳು ಎಲ್ಲ ಕಡೆ ಇರುವಂಥವೇ. ನಾಯಕತ್ವದ ಬಗೆಗಳು, ಸಮಯ ನಿರ್ವಹಣೆ, ಭಿನ್ನಾಭಿಪ್ರಾಯ ಬಗೆಹರಿಸುವುದು, ಸಭೆ ನಡೆಸುವುದು. ಒಳ್ಳೆಯ ಮಾತುಗಾರರನ್ನು ಕರೆಸಿದ್ದೆವು. ಸ್ಲೈಡ್‌ಗಳು ಅಚ್ಚುಕಟ್ಟಾಗಿದ್ದವು. ಬಂದ 12 ಮಂದಿಯೂ ಕೊನೆಯಲ್ಲಿ ಅಭಿಪ್ರಾಯದ ಹಾಳೆ ತುಂಬಿಕೊಟ್ಟರು. ಬಹುತೇಕ ಎಲ್ಲವೂ ಐದಕ್ಕೆ ಐದು. ನಾವು ಖುಷಿಯಿಂದ ವರದಿ ಬರೆದೆವು.

ಆರು ತಿಂಗಳಾದ ಮೇಲೆ ನಾನು ಆ ಕ್ಲಬ್‌ನ ಒಂದು ಸಭೆಗೆ ಹೋದೆ. ಏನೂ ಬದಲಾಗಿರಲಿಲ್ಲ. ಅದೇ ನಾಲ್ಕು ಜನ ಮಾತಾಡುತ್ತಿದ್ದರು. ಶಿಬಿರದ ಕೆಲಸ ಅದೇ ಹಿರಿಯರ ಹೆಗಲ ಮೇಲಿತ್ತು. ಆ ಆರು ತಿಂಗಳಲ್ಲಿ ಇನ್ನೂ ಇಬ್ಬರು ಹೊಸಬರು ಹೋಗಿದ್ದರು. ಅಲ್ಲಿಗೆ ಬಿಟ್ಟವರು 13. ಮಾಜಿ ಅಧ್ಯಕ್ಷರೂ 13. ಆ ಎರಡು ಸಂಖ್ಯೆ ಒಂದರ ಪಕ್ಕ ಒಂದು ಬರೆದುಕೊಂಡು ನಾನು ಸುಮ್ಮನೆ ಕೂತಿದ್ದು ನೆನಪಿದೆ.

ತರಬೇತಿಯನ್ನು ಅಳೆಯುವುದಕ್ಕೆ ಡೊನಾಲ್ಡ್ ಕಿರ್ಕ್‌ಪ್ಯಾಟ್ರಿಕ್ ಎಂಬುವರು 1959ರಲ್ಲೇ ನಾಲ್ಕು ಮೆಟ್ಟಿಲು ಹೇಳಿದ್ದರು. ಬಂದವರಿಗೆ ಹಿಡಿಸಿತಾ, ಅವರು ಏನಾದರೂ ಕಲಿತರಾ, ನಡವಳಿಕೆ ಬದಲಾಯಿತಾ, ಕೊನೆಗೆ ಸಂಸ್ಥೆಗೆ ಫಲ ಸಿಕ್ಕಿತಾ. ನಾವು ಮೊದಲ ಮೆಟ್ಟಿಲ ಮೇಲೆ ನಿಂತು ನಾಲ್ಕನೆಯದನ್ನು ಹತ್ತಿದೆವು ಅಂದುಕೊಂಡಿದ್ದೆವು. ಹಾಳೆಯಲ್ಲಿ ಐದಕ್ಕೆ ಐದು ಕೊಟ್ಟವರು ಸುಳ್ಳು ಹೇಳಿರಲಿಲ್ಲ. ಅವರಿಗೆ ನಿಜಕ್ಕೂ ಹಿಡಿಸಿತ್ತು. ತಮಗೆ ಈಗಾಗಲೇ ಗೊತ್ತಿರುವುದನ್ನು ಯಾರೋ ಚಂದವಾಗಿ ಹೇಳಿದರೆ ಯಾರಿಗೆ ಹಿಡಿಸಲ್ಲ?

ಬಿಟ್ಟು ಹೋದವರ ಮಾತು

ಇನ್ನೊಂದು ಕಾರ್ಯಾಗಾರ ಮಾಡೋಣ, ಈ ಸಲ ಮೂರು ದಿನ ಅಂತ ನಮ್ಮ ತಂಡದಲ್ಲಿ ಒಂದು ಮಾತು ಬಂತು. ನಾನು ಬೇಡ ಅಂದೆ. ಕಾರಣ ಗೊತ್ತಿಲ್ಲದೆ ಔಷಧಿ ಜಾಸ್ತಿ ಮಾಡಿದ ಹಾಗಾಗುತ್ತದೆ. ಬಿಟ್ಟು ಹೋದವರಿಗೆ ಫೋನ್ ಮಾಡೋಣ ಅಂದೆ. ಇದು ಈ ಪ್ರಕರಣದ ಮೊದಲ ಒಳ್ಳೆಯ ತೀರ್ಮಾನ. ಆವತ್ತು ನನಗೆ ಅದು ಗೊತ್ತಿರಲಿಲ್ಲ.

13 ಮಂದಿಯಲ್ಲಿ ಎಂಟು ಮಂದಿ ಮಾತಾಡಿದರು. ಸಮಯ ಇಲ್ಲ ಅಂದವರು ಒಬ್ಬರೇ. ಇನ್ನೊಬ್ಬರು ಊರು ಬಿಟ್ಟಿದ್ದರು. ಉಳಿದ ಆರು ಮಂದಿ ಬೇರೆ ಬೇರೆ ಮಾತಿನಲ್ಲಿ ಹೆಚ್ಚುಕಡಿಮೆ ಒಂದೇ ವಿಷಯ ಹೇಳಿದರು. ಅದನ್ನು ಎಲ್ಲರಿಗಿಂತ ಚೆನ್ನಾಗಿ ಹೇಳಿದ್ದು ಒಬ್ಬ ಯುವತಿ.

ಆಕೆಗೆ ಒಂದು ತಿಂಗಳ ಕಣ್ಣು ತಪಾಸಣೆ ಶಿಬಿರದ ಪೂರ್ತಿ ಜವಾಬ್ದಾರಿ ಕೊಟ್ಟಿದ್ದರು. ಮೂರು ವಾರ ಓಡಾಡಿದಳು. ಸ್ವಯಂಸೇವಕರನ್ನು ಸೇರಿಸಿದಳು. ಆಸ್ಪತ್ರೆಯವರ ಜೊತೆ ಮಾತಾಡಿ ಸಮಯ ಗೊತ್ತು ಮಾಡಿದಳು. ವಯಸ್ಸಾದವರಿಗೆ ಅನುಕೂಲ ಆಗಲಿ ಅಂತ ಬೆಳಿಗ್ಗೆ ಒಂಬತ್ತರ ಬದಲು ಹತ್ತೂವರೆಗೆ ಶಿಬಿರ ಇಟ್ಟಳು. ಶಿಬಿರದ ಹಿಂದಿನ ಸಂಜೆ ಒಬ್ಬ ಹಿರಿಯರು "ಸುಮ್ನೆ ಒಂದು ಸಲ ಖಚಿತ ಮಾಡಿಕೊಳ್ಳೋಣ" ಅಂತ ವೈದ್ಯರಿಗೆ ನೇರವಾಗಿ ಫೋನ್ ಮಾಡಿದರು. ಹತ್ತೂವರೆ ಅಂತ ಕೇಳಿ ಗಾಬರಿಯಾಗಿ, "ಇಲ್ಲ, ನಮ್ಮದು ಯಾವಾಗಲೂ ಒಂಬತ್ತಕ್ಕೆ" ಅಂದುಬಿಟ್ಟರು. ಮರುದಿನ ವೈದ್ಯರು ಒಂಬತ್ತಕ್ಕೆ ಬಂದರು. ಜನ ಇರಲಿಲ್ಲ. ಹಿರಿಯರೇ ನಾಲ್ಕಾರು ಫೋನ್ ಮಾಡಿ ಜನರನ್ನು ಕರೆಸಿದರು. ಶಿಬಿರ ನಡೆಯಿತು. ಕೊನೆಯಲ್ಲಿ ಅವರು ಆಕೆಗೆ ಬೆನ್ನು ತಟ್ಟಿ ಹೇಳಿದರಂತೆ: "ಪರವಾಗಿಲ್ಲಮ್ಮ, ಮೊದಲನೇ ಸಲ ಹೀಗೇ ಆಗುತ್ತೆ. ನಾವಿದ್ದೀವಲ್ಲ."

ಆಕೆ ನನಗೆ ಹೇಳಿದ್ದು ಇಷ್ಟು: "ನನಗೆ ಕೆಲಸ ಕೊಡಲಿಲ್ಲ ಅಂತಲ್ಲ ಸರ್. ಕೊಟ್ಟ ಕೆಲಸ ವಾಪಸ್ ತಗೊಂಡ್ರು. ತಗೊಂಡಿದ್ದು ಅವರಿಗೇ ಗೊತ್ತಾಗಲಿಲ್ಲ."

ಆ ಕೊನೆಯ ವಾಕ್ಯವನ್ನು ನಾನು ಬರೆದಿಟ್ಟುಕೊಂಡೆ. ನಮ್ಮ ಎರಡನೇ ತರಬೇತಿ ಪೂರ್ತಿ ನಿಂತಿರುವುದು ಅದರ ಮೇಲೆ. ಆ ಹಿರಿಯರಿಗೆ ಇವತ್ತಿಗೂ ತಾವು ಶಿಬಿರವನ್ನು ಉಳಿಸಿದೆವು ಅನ್ನೋ ನೆನಪು. ಅದು ಅವರ ಮಟ್ಟಿಗೆ ನಿಜವೇ. ಅವರಿಗಿದ್ದದ್ದು ಕುರ್ಚಿಯ ಆಸೆ ಅಲ್ಲ, ಹೆದರಿಕೆ. ಇಪ್ಪತ್ತು ವರ್ಷ ತಪ್ಪದೆ ನಡೆದದ್ದು ತಮ್ಮ ಕಣ್ಣ ಮುಂದೆ ತಪ್ಪಿ ಹೋದರೆ ಅನ್ನೋ ಹೆದರಿಕೆ. ಸಭೆ ನಡೆಸುವುದು ಹೇಗೆ ಅನ್ನೋ ಪಾಠ ಈ ಹೆದರಿಕೆಯನ್ನು ಮುಟ್ಟುವುದೇ ಇಲ್ಲ.

ಹೇಳಿ ತೋರಿಸಬೇಕೋ, ಕಾಣಿಸಬೇಕೋ

ಈಗ ನಮ್ಮ ಮುಂದೆ ಕಷ್ಟದ ಪ್ರಶ್ನೆ ಇತ್ತು. ಗೊತ್ತಾದದ್ದನ್ನು ಹಿರಿಯರಿಗೆ ಹೇಗೆ ತಲುಪಿಸುವುದು? ಫೋನಿನ ಮಾತುಗಳನ್ನು ಹೆಸರು ತೆಗೆದು ಓದಿ ಹೇಳೋಣ ಅಂತ ತಂಡದಲ್ಲಿ ಇಬ್ಬರು ಅಂದರು. ನಾನು ಒಪ್ಪಲಿಲ್ಲ. ಅಷ್ಟು ಸಣ್ಣ ಕ್ಲಬ್‌ನಲ್ಲಿ ಹೆಸರು ತೆಗೆದರೂ ಯಾರದು ಅಂತ ಗೊತ್ತಾಗುತ್ತದೆ. ನಂಬಿ ಮಾತಾಡಿದವರಿಗೆ ಅದು ಮೋಸ. ಇನ್ನೊಂದು ಕಾರಣವೂ ಇತ್ತು. ಗೆಲ್ಲುವುದನ್ನೇ ರೂಢಿ ಮಾಡಿಕೊಂಡ ಅನುಭವಿಗಳಿಗೆ ತಮ್ಮ ತಪ್ಪಿನಿಂದ ಕಲಿಯುವುದು ತುಂಬ ಕಷ್ಟ ಅಂತ ಕ್ರಿಸ್ ಆರ್ಗಿರಿಸ್ ಎಂಬ ವಿದ್ವಾಂಸರು 1991ರಲ್ಲಿ ಬರೆದಿದ್ದರು. ಟೀಕೆ ಬಂದ ಕೂಡಲೇ ಅವರು ಕಾರಣವನ್ನು ಹೊರಗೆ ಹುಡುಕುತ್ತಾರೆ. ನಾವು ಓದಿ ಹೇಳಿದ್ದರೆ ಹಾಗೇ ಆಗುತ್ತಿತ್ತು. "ಆ ಹುಡುಗಿಗೆ ಅನುಭವ ಸಾಲದು" ಅನ್ನೋ ಮಾತಿನಲ್ಲಿ ಮುಗಿಯುತ್ತಿತ್ತು.

ಹಾಗಾಗಿ ಒಂದು ಸಣ್ಣ ಕೆಲಸ ಕೇಳಿದೆವು. ಮುಂದಿನ ತಿಂಗಳ ಸಭೆಯಲ್ಲಿ ಇಬ್ಬರು ಹಿರಿಯರು ಮಾತಾಡದೆ ಹಿಂದೆ ಕೂರಬೇಕು. ಯಾರು ಎಷ್ಟು ನಿಮಿಷ ಮಾತಾಡಿದರು ಅಂತ ಗಡಿಯಾರ ನೋಡಿ ಬರೆದುಕೊಳ್ಳಬೇಕು, ಅಷ್ಟೇ. ಅಭಿಪ್ರಾಯ ಬೇಡ, ವಿಮರ್ಶೆ ಬೇಡ. ಇಬ್ಬರು ಒಪ್ಪಿದರು. ಅದರಲ್ಲಿ ಒಬ್ಬರು ವೈದ್ಯರಿಗೆ ಫೋನ್ ಮಾಡಿದ್ದ ಅದೇ ಹಿರಿಯರು.

ಸಭೆ 90 ನಿಮಿಷ ನಡೆಯಿತು. ಲೆಕ್ಕ ಹಾಕಿದಾಗ ನಾಲ್ಕು ಹಿರಿಯರು ಸೇರಿ 68 ನಿಮಿಷ ಮಾತಾಡಿದ್ದರು. ಎರಡು ವರ್ಷಕ್ಕಿಂತ ಕಡಿಮೆ ಅವಧಿಯ ಸದಸ್ಯರು ಏಳು ಮಂದಿ ಇದ್ದರು. ಏಳೂ ಜನರದ್ದು ಸೇರಿ ಮೂರು ನಿಮಿಷ.

ಆ ಹಾಳೆಯನ್ನು ಅವರೇ ಉಳಿದ ಹಿರಿಯರಿಗೆ ಓದಿ ಹೇಳಿದರು. ನಾನು ಕೋಣೆಯಲ್ಲಿದ್ದೆ, ಬಾಯಿ ಬಿಡಲಿಲ್ಲ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಓದಿದ ಹಿರಿಯರೇ ಮೆಲ್ಲಗೆ ಅಂದರು: "ನಾನು ಸುಮ್ಮನಿದ್ದೆನಲ್ಲ, ಅದಕ್ಕೇ ಕಾಣಿಸಿತು. ಇಲ್ಲದಿದ್ದರೆ ಐದನೆಯವನು ನಾನೇ."

ಹೊರಗಿನವರು ಹೇಳಿದ್ದರೆ ಅದು ಟೀಕೆ ಆಗುತ್ತಿತ್ತು. ಅವರ ಕೈಬರಹದಲ್ಲೇ ಇದ್ದದ್ದರಿಂದ ಅದು ಅವರದೇ ಕಾಣ್ಕೆ ಆಯಿತು.

ಎರಡನೇ ತರಬೇತಿ

ಈ ಸಲ ತರಬೇತಿ ಆರು ತಿಂಗಳದ್ದು. ಒಂಬತ್ತು ಹಿರಿಯರು ಸೇರಿದರು. ತಿಂಗಳಿಗೆ ಒಂದು ಸಲ ಎರಡು ಗಂಟೆ ಕೂರುವುದು, ಉಪನ್ಯಾಸ ಇಲ್ಲ. ಉಳಿದದ್ದೆಲ್ಲ ಕ್ಲಬ್‌ನ ನಿಜವಾದ ಕೆಲಸದ ನಡುವೆಯೇ.

ಮೊದಲ ದಿನ ಒಂದೇ ಪ್ರಶ್ನೆ ಕೇಳಿದೆವು. "ನೀವು ಮೂರು ತಿಂಗಳು ಇಲ್ಲದಿದ್ದರೆ ಕ್ಲಬ್‌ನ ಯಾವ ಕೆಲಸ ನಿಲ್ಲುತ್ತದೆ?" ಎಲ್ಲರೂ ಸಲೀಸಾಗಿ ಬರೆದರು. ಕೆಲವರ ಮುಖದಲ್ಲಿ ಸ್ವಲ್ಪ ಹೆಮ್ಮೆ ಇತ್ತು, ಇರಬೇಕಾದ್ದೇ. ಆಮೇಲೆ ಅದೇ ಪಟ್ಟಿಯನ್ನು ತೋರಿಸಿ ಹೇಳಿದೆವು, ಇದರಲ್ಲಿ ಒಂದನ್ನು ಈ ಆರು ತಿಂಗಳಲ್ಲಿ ನೀವು ಪೂರ್ತಿ ಬೇರೆಯವರಿಗೆ ಕೊಡಬೇಕು, ಅದೇ ನಿಮ್ಮ ಪಾಠ, ಅದೇ ನಿಮ್ಮ ಪರೀಕ್ಷೆ. ಕೋಣೆಯ ಗಾಳಿ ಬದಲಾಯಿತು. ಒಬ್ಬರು ಕೇಳಿದರು, "ಹಾಗಾದರೆ ನಾವು ಏನು ಮಾಡೋದು?" ನನಗೆ ಆಗ ಸರಿಯಾದ ಉತ್ತರ ಇರಲಿಲ್ಲ. ಅದು ಇಡೀ ತರಬೇತಿಯ ಅತಿ ಮುಖ್ಯ ಪ್ರಶ್ನೆ ಅನ್ನೋದು ಮಾತ್ರ ತಿಳಿಯಿತು.

ಕೆಲಸ ದಾಟಿಸುವುದಕ್ಕೆ ಹಂತ ಮಾಡಿದೆವು. ಮೊದಲ ಎರಡು ತಿಂಗಳು ಹಿರಿಯರು ಮಾಡುತ್ತಾರೆ, ಕಿರಿಯರು ಜೊತೆಗಿದ್ದು ನೋಡುತ್ತಾರೆ. ಮುಂದಿನ ಎರಡು ತಿಂಗಳು ಕಿರಿಯರು ಮಾಡುತ್ತಾರೆ, ಹಿರಿಯರು ಪಕ್ಕದಲ್ಲಿರುತ್ತಾರೆ. ಕೊನೆಯ ಎರಡು ತಿಂಗಳು ಹಿರಿಯರು ಸ್ಥಳಕ್ಕೇ ಬರುವಂತಿಲ್ಲ. ಫೋನಿಗೆ ಸಿಗಬೇಕು, ಆದರೆ ತಾವಾಗಿ ಫೋನ್ ಮಾಡುವಂತಿಲ್ಲ. ಕಲಿಯುವವರು ಪಳಗುತ್ತಾ ಹೋದ ಹಾಗೆ ನಾಯಕರು ಹೇಳುವುದನ್ನು ಕಡಿಮೆ ಮಾಡುತ್ತಾ, ಬಿಡುವುದನ್ನು ಜಾಸ್ತಿ ಮಾಡುತ್ತಾ ಹೋಗಬೇಕು ಅಂತ ಹರ್ಸಿ ಮತ್ತು ಬ್ಲಾಂಚರ್ಡ್ 1969ರಲ್ಲೇ ಹೇಳಿದ್ದರು. ನಮ್ಮ ಮೊದಲ ಕಾರ್ಯಾಗಾರದ ಸ್ಲೈಡ್‌ನಲ್ಲೂ ಅದು ಇತ್ತು. ಎಲ್ಲರೂ ಬರೆದುಕೊಂಡಿದ್ದರು. ಬರೆದುಕೊಳ್ಳುವುದು ಬೇರೆ, ಶಿಬಿರ ನಡೆಯುವ ಹೊತ್ತಿಗೆ ಮನೆಯಲ್ಲಿ ಕೂರುವುದು ಬೇರೆ.

ಇದರ ಜೊತೆ ಒಂದು ನಿಯಮ. ಕಿರಿಯರು ಸಲಹೆ ಕೇಳಿ ಬಂದರೆ ಹಿರಿಯರು ಉತ್ತರ ಹೇಳುವ ಮೊದಲು ಎರಡು ಪ್ರಶ್ನೆ ಕೇಳಬೇಕು. "ನಿನಗೆ ಏನು ಅನ್ನಿಸುತ್ತೆ?" ಒಂದು. "ಹಾಗೆ ಮಾಡಿದರೆ ಏನು ತಪ್ಪಾಗಬಹುದು?" ಇನ್ನೊಂದು. ಕೇಳಲು ಇದು ಸಣ್ಣದು. ಹಿರಿಯರೆಲ್ಲ ಎಲ್ಲಕ್ಕಿಂತ ಕಷ್ಟ ಅಂದದ್ದು ಇದನ್ನೇ. ಉತ್ತರ ನಾಲಿಗೆ ತುದಿಯಲ್ಲೇ ಇರುತ್ತದೆ. ಅದನ್ನು ನುಂಗಿಕೊಂಡು ಪ್ರಶ್ನೆ ಕೇಳಬೇಕು.

ಮೂರನೆಯದು ಪುಸ್ತಕ. ಪ್ರತಿ ಹಿರಿಯರ ತಲೆಯಲ್ಲಿ ಇದ್ದದ್ದನ್ನು ಬರಹಕ್ಕೆ ಇಳಿಸಿದೆವು. ಆಸ್ಪತ್ರೆಯಲ್ಲಿ ಯಾರ ಹತ್ತಿರ ಮಾತಾಡಬೇಕು, ಎಷ್ಟು ದಿನ ಮೊದಲು ಹೇಳಬೇಕು, ಶಿಬಿರದಲ್ಲಿ ಸರದಿ ಹೇಗೆ ಮಾಡಿದರೆ ನೂಕುನುಗ್ಗಲು ಆಗಲ್ಲ, ಕಣ್ಣಿಗೆ ಹನಿ ಹಾಕಿ ಪಾಪೆ ಹಿಗ್ಗಿಸಿದವರಿಗೆ ಕೆಲವು ಗಂಟೆ ನೋಟ ಮಂಜಾಗಿರುತ್ತದೆ, ಅವರ ಜೊತೆ ಮನೆಯವರು ಯಾರಾದರೂ ಬಂದಿದ್ದಾರಾ ಅಂತ ಮೊದಲೇ ಕೇಳಬೇಕು. ಇಂಥವು. ಶಿಬಿರದ ಹಿರಿಯರೊಬ್ಬರೇ 40 ಪುಟ ಬರೆಸಿದರು. ಮುಗಿದಾಗ ಅವರಿಗೇ ಆಶ್ಚರ್ಯ. "ಇಷ್ಟೆಲ್ಲ ನನಗೆ ಗೊತ್ತಿತ್ತಾ?" ಅಂದರು. ನನಗೆ ಆ ಕ್ಷಣ ತುಂಬ ಇಷ್ಟವಾಯಿತು. ಬಿಟ್ಟುಕೊಡುವುದು ಅಂದರೆ ಕಳೆದುಕೊಳ್ಳುವುದು ಅಂತ ಅಂದುಕೊಂಡಿದ್ದವರಿಗೆ ತಮ್ಮ ಇಪ್ಪತ್ತು ವರ್ಷ ಕೈಯಲ್ಲಿ ಹಿಡಿಯುವ ವಸ್ತುವಾಗಿ ಸಿಕ್ಕಿತ್ತು.

ನಡುವೆ ಕುಸಿದದ್ದು

ಎರಡನೇ ತಿಂಗಳು ಒಬ್ಬ ಹಿರಿಯರು ಸಿಟ್ಟಾಗಿ ತರಬೇತಿ ಬಿಟ್ಟರು. "ನಮ್ಮನ್ನು ಮನೆಗೆ ಕಳಿಸೋಕೆ ಇದೊಂದು ನೆಪ" ಅಂದರು. ಅವರನ್ನು ಒಲಿಸಬೇಕಾ ಬಿಡಬೇಕಾ ಅಂತ ನಾವು ಚರ್ಚೆ ಮಾಡಿದೆವು. ವಾದ ಮಾಡುವುದು ಬೇಡ, ಆದರೆ ಅವರನ್ನು ಬಿಟ್ಟುಬಿಡುವುದೂ ಬೇಡ ಅಂತ ತೀರ್ಮಾನಿಸಿದೆವು. ನಾನು ಎರಡು ಸಲ ಅವರ ಮನೆಗೆ ಹೋದೆ. ತರಬೇತಿಯ ಸುದ್ದಿ ಎತ್ತಲಿಲ್ಲ. ಅವರು ಕ್ಲಬ್ ಕಟ್ಟಿದ ದಿನಗಳ ಬಗ್ಗೆ ಕೇಳಿದೆ. ಅವರು ಹೇಳಿದ್ದರಲ್ಲಿ ಅರ್ಧ ಯಾರಿಗೂ ಗೊತ್ತಿರಲಿಲ್ಲ. ಆ ಸಿಟ್ಟಿಗೆ ನಮ್ಮದೂ ಪಾಲಿತ್ತು ಅಂತ ನನಗೆ ಆಗ ಹೊಳೆಯಿತು. ನಾವು ಮೊದಲ ದಿನವೇ "ಏನು ಬಿಡಬೇಕು" ಅಂತ ಕೇಳಿದೆವು. "ಏನು ಮಾಡಿದ್ದೀರಿ" ಅಂತ ಕೇಳಲೇ ಇಲ್ಲ.

ನಾಲ್ಕನೇ ತಿಂಗಳು ಇನ್ನೊಂದು ಪೆಟ್ಟು. ರಕ್ತದಾನ ಶಿಬಿರವನ್ನು ಇಬ್ಬರು ಹೊಸಬರು ನೋಡಿಕೊಳ್ಳುತ್ತಿದ್ದರು. ಪೋಸ್ಟರ್‌ನಲ್ಲಿ ತಾರೀಖು ತಪ್ಪಾಗಿ ಅಚ್ಚಾಯಿತು. ಅವರ ಪಕ್ಕದಲ್ಲಿದ್ದ ಹಿರಿಯರ ಕಣ್ಣಿಗೆ ಅದು ಬಿದ್ದದ್ದು ಶಿಬಿರಕ್ಕೆ ಐದು ದಿನ ಇರುವಾಗ. ಅವರು ನನಗೆ ಫೋನ್ ಮಾಡಿದರು. ಧ್ವನಿ ನಡುಗುತ್ತಿತ್ತು. "ನಾನೇ ಸರಿ ಮಾಡಿಸಿಬಿಡಲಾ?"

ಇಂಥಾ ಪ್ರಶ್ನೆಗೆ ನಮ್ಮ ಹತ್ತಿರ ನಿಯಮ ಇರಲಿಲ್ಲ. ಇರಬೇಕಿತ್ತು. ಹತ್ತು ನಿಮಿಷ ಮಾತಾಡಿ ಹೀಗೆ ನಿರ್ಧರಿಸಿದೆವು: ತಪ್ಪನ್ನು ಆ ಹೊಸಬರಿಗೆ ಹೇಳಬೇಕು, ಮುಚ್ಚಿಡಬಾರದು. ಸರಿ ಮಾಡುವುದು ಅವರದೇ ಕೆಲಸ. ಹಿರಿಯರು ಹೇಳಿದರು. ಹೊಸಬರು ಬೆಚ್ಚಿಬಿದ್ದರು, ಆಮೇಲೆ ಫೋನ್ ಹಿಡಿದು ಕೂತರು. ಆ ಸಲ ದಾನಿಗಳು ಕಡಿಮೆ ಬಂದರು. ಎಂದಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಶಿಬಿರ ಆದ ಮೇಲೆ ಕೂತು ಮಾತಾಡಿದೆವು. ಯಾರ ತಪ್ಪು ಅನ್ನೋದನ್ನು ಬಿಟ್ಟು, ತಪ್ಪು ಯಾವ ಹಂತದಲ್ಲಿ ಒಳಗೆ ಬಂತು ಅಂತ ನೋಡಿದೆವು. ಅಚ್ಚಿಗೆ ಕಳಿಸುವ ಮೊದಲು ಎರಡನೆಯವರು ಓದುವ ಪದ್ಧತಿ ಈ ಕ್ಲಬ್‌ನಲ್ಲಿ ಇರಲೇ ಇಲ್ಲ. ಹಿರಿಯರ ಕಾಲದಲ್ಲೂ ಇರಲಿಲ್ಲ. ಅವರ ಕಣ್ಣೇ ಆ ಪದ್ಧತಿ ಆಗಿತ್ತು. ಪುಸ್ತಕದಲ್ಲಿ ಒಂದು ಸಾಲು ಸೇರಿತು.

ಅವತ್ತೇ ಇನ್ನೊಂದು ಕೆಲಸ ಮಾಡಿದೆವು. ಹಿರಿಯರು ಯಾವಾಗ ನಡುವೆ ಬರಲೇಬೇಕು ಅಂತ ಬರೆದೆವು. ರೋಗಿಗಳ ಅಥವಾ ದಾನಿಗಳ ಆರೋಗ್ಯಕ್ಕೆ ಅಪಾಯ ಇದ್ದರೆ. ಸಾರ್ವಜನಿಕರ ಹಣದ ಲೆಕ್ಕ ತಪ್ಪುತ್ತಿದ್ದರೆ. ಮಕ್ಕಳ ಸುರಕ್ಷತೆಯ ವಿಷಯ ಇದ್ದರೆ. ಕಾನೂನು ಮುರಿಯುವಂತಿದ್ದರೆ. ಈ ನಾಲ್ಕರಲ್ಲಿ ಕಾಯಬೇಡಿ, ಕೇಳಬೇಡಿ, ನಿಲ್ಲಿಸಿ. ಉಳಿದದ್ದರಲ್ಲಿ, ಅಂದರೆ ಜನ ಕಡಿಮೆ ಬರುವುದು, ಬ್ಯಾನರ್ ಸರಿ ಕಾಣದಿರುವುದು, ಕಾರ್ಯಕ್ರಮ ತಡವಾಗುವುದು, ನಿಮಗೆ ಗೊತ್ತಿರುವುದಕ್ಕಿಂತ ಬೇರೆ ರೀತಿಯಲ್ಲಿ ನಡೆಯುವುದು, ಇವುಗಳಲ್ಲಿ ಹೇಳಿ, ಆದರೆ ಕೈ ಹಾಕಬೇಡಿ.

ಇದನ್ನು ಬರೆದ ಮೇಲೆ ಹಿರಿಯರ ಹೆಗಲು ಇಳಿದದ್ದು ಕಣ್ಣಿಗೆ ಕಾಣಿಸಿತು. ಎಲ್ಲದಕ್ಕೂ ಹೆದರಬೇಕಾಗಿದ್ದವರಿಗೆ ಈಗ ನಾಲ್ಕಕ್ಕೆ ಮಾತ್ರ ಹೆದರಿದರೆ ಸಾಕಿತ್ತು. ಈ ಪಟ್ಟಿಯನ್ನು ಮೊದಲ ದಿನವೇ ಕೊಡಬೇಕಿತ್ತು. ಕೊಡದಿದ್ದದ್ದು ನನ್ನ ತಪ್ಪು.

ಏನಾಯಿತು

ಆರು ತಿಂಗಳ ಕೊನೆಗೆ ತರಬೇತಿಯಲ್ಲಿ ಉಳಿದ ಎಂಟು ಹಿರಿಯರಲ್ಲಿ ಐದು ಮಂದಿ ಒಂದು ಕೆಲಸವನ್ನು ಪೂರ್ತಿ ದಾಟಿಸಿದ್ದರು. ಇಬ್ಬರದ್ದು ಅರ್ಧಕ್ಕೆ ನಿಂತಿತ್ತು. ಒಬ್ಬರು ದಾಟಿಸಿದ್ದನ್ನು ವಾಪಸ್ ತಗೊಂಡಿದ್ದರು, ಆದರೆ ಈ ಸಲ ಅದು ಅವರಿಗೆ ಗೊತ್ತಿತ್ತು. ಸಭೆಯಲ್ಲಿ ತಾವೇ ಹೇಳಿದರು.

ಮರುವರ್ಷ ಹೊಸದಾಗಿ ಸೇರಿದ ಆರು ಮಂದಿಯಲ್ಲಿ ಐದು ಮಂದಿ ಉಳಿದರು. ಒಂದು ವರ್ಷದ ಲೆಕ್ಕ ಇಟ್ಟುಕೊಂಡು ದೊಡ್ಡ ಮಾತು ಆಡಬಾರದು, ಆಡುತ್ತಿಲ್ಲ. ಅಧ್ಯಕ್ಷಗಿರಿಗೆ ನಾಲ್ಕು ವರ್ಷದ ಸದಸ್ಯೆಯೊಬ್ಬರು ಮುಂದೆ ಬಂದರು. ಯಾಕೆ ಒಪ್ಪಿದಿರಿ ಅಂತ ಕೇಳಿದಾಗ ಅವರು ಪುಸ್ತಕ ತೋರಿಸಿದರು. "ಮೊದಲು ಅಧ್ಯಕ್ಷರಾಗೋದು ಅಂದರೆ 13 ಜನರ ತಲೆಯಲ್ಲಿ ಏನಿದೆ ಅಂತ ಊಹಿಸೋದು ಆಗಿತ್ತು. ಈಗ ಓದಬಹುದು."

ಕಣ್ಣು ತಪಾಸಣೆ ಶಿಬಿರದ ಸಮಯ ಈಗ ಹತ್ತೂವರೆ.

"ಹಾಗಾದರೆ ನಾವು ಏನು ಮಾಡೋದು" ಅನ್ನೋ ಪ್ರಶ್ನೆಗೆ ಉತ್ತರ ಹಿರಿಯರಿಂದಲೇ ಬಂತು. ಮೂವರು ಸೇರಿ ಅಕ್ಕಪಕ್ಕದ ಎರಡು ಹೊಸ ಕ್ಲಬ್‌ಗಳಿಗೆ ಮಾರ್ಗದರ್ಶಕರಾದರು. ಒಬ್ಬರು ಇಷ್ಟು ವರ್ಷ ಮುಂದೂಡಿದ್ದ ದೊಡ್ಡ ಕೆಲಸ ಕೈಗೆತ್ತಿಕೊಂಡರು. ಅದಕ್ಕೆ ಎರಡು ಮೂರು ವರ್ಷದ ಓಡಾಟ ಬೇಕು, ಒಂದು ವರ್ಷದ ಅಧ್ಯಕ್ಷರಿಂದ ಆಗುವಂಥದ್ದಲ್ಲ. ತಿಂಗಳ ಶಿಬಿರದ ಭಾರ ಇಳಿದದ್ದರಿಂದಲೇ ಅವರಿಗೆ ಅದು ಸಾಧ್ಯವಾಯಿತು. ನನಗನ್ನಿಸುವುದು ಇಷ್ಟು. ಅನುಭವಿಗಳಿಗೆ ಕೊಡುವ ತರಬೇತಿ ಅವರಿಂದ ಏನನ್ನು ಕಿತ್ತುಕೊಳ್ಳುತ್ತದೆ ಅನ್ನೋದರ ಜೊತೆಗೇ ಮುಂದೆ ಯಾವ ಜಾಗ ಕೊಡುತ್ತದೆ ಅನ್ನೋದನ್ನೂ ಹೇಳಬೇಕು. ನಾವು ಅದನ್ನು ತಡವಾಗಿ, ಅವರಿಂದಲೇ ಕಲಿತೆವು. ಮುಂದಿನ ಗುಂಪಿನಲ್ಲಿ ಅದನ್ನು ಮೊದಲ ವಾರಕ್ಕೆ ತಂದಿದ್ದೇವೆ. ಬಿಡಬೇಕಾದ ಕೆಲಸದ ಪಟ್ಟಿಗಿಂತ ಮೊದಲು ಮಾಡಿದ ಕೆಲಸದ ಕಥೆ ಕೇಳುತ್ತೇವೆ. ನಡುವೆ ಬರಲೇಬೇಕಾದ ನಾಲ್ಕು ಸಂದರ್ಭಗಳನ್ನು ಅಂದೇ ಬರೆದು ಕೊಡುತ್ತೇವೆ. ಸಭೆಯ ನಿಮಿಷಗಳ ಲೆಕ್ಕ ಹಾಗೇ ಇಟ್ಟುಕೊಂಡಿದ್ದೇವೆ. ಎಲ್ಲ ಕಡೆ ಅದು ಇಷ್ಟೇ ಕೆಲಸ ಮಾಡುತ್ತದೆ ಅಂತ ನಾನು ಹೇಳಲಾರೆ. ಹಿರಿಯರ ನಡುವೆ ಒಬ್ಬರಿಗೊಬ್ಬರಿಗೆ ಮೊದಲೇ ಮನಸ್ತಾಪ ಇರುವ ಕ್ಲಬ್‌ನಲ್ಲಿ ಅದೇ ಹಾಳೆ ಜಗಳಕ್ಕೆ ಕಾರಣ ಆಗಬಹುದು. ಅಲ್ಲಿ ಮೊದಲು ಮನಸ್ತಾಪದ ಕಡೆ ನೋಡಬೇಕು.

ಸಿಟ್ಟಾಗಿ ಹೋಗಿದ್ದ ಹಿರಿಯರು ತರಬೇತಿಗೆ ವಾಪಸ್ ಬರಲಿಲ್ಲ. ಆದರೆ ಪುಸ್ತಕದ ಮೊದಲ ಹನ್ನೆರಡು ಪುಟ ಈಗ ಅವರದ್ದು. ಕ್ಲಬ್ ಹೇಗೆ ಶುರುವಾಯಿತು, ಮೊದಲ ಶಿಬಿರಕ್ಕೆ ಎಷ್ಟು ಜನ ಬಂದರು, ಅವತ್ತು ಏನೇನು ತಪ್ಪಿತು ಅಂತ ಅವರೇ ಬರೆದುಕೊಟ್ಟರು.

ಶಿಬಿರವನ್ನು ಹತ್ತೂವರೆಗೆ ಇಟ್ಟಿದ್ದ ಆ ಯುವತಿಯೂ ಕ್ಲಬ್‌ಗೆ ವಾಪಸ್ ಬರಲಿಲ್ಲ. ವೈದ್ಯರಿಗೆ ಫೋನ್ ಮಾಡಿದ್ದ ಹಿರಿಯರು ತರಬೇತಿಯ ಐದನೇ ತಿಂಗಳು ನನ್ನ ಹತ್ತಿರ ಬಂದು, ಆಕೆಯ ನಂಬರ್ ಇದೆಯಾ ಅಂತ ಕೇಳಿದರು. ಆಕೆ ನನ್ನ ಜೊತೆ ಮಾತಾಡಿದ್ದು ಅವರಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಆಕೆಯನ್ನು ಕೇಳಿ ಒಪ್ಪಿಗೆ ಸಿಕ್ಕ ಮೇಲೆ ಕೊಟ್ಟೆ. ಅವರಿಬ್ಬರೂ ಏನು ಮಾತಾಡಿದರು ಅಂತ ನಾನು ಕೇಳಿಲ್ಲ.